ಗರ್ಭನಿರೋಧಕ ಗುಳಿಗೆ ಮತ್ತು ಇತರ ಔಷಧಗಳು: ವೈದ್ಯರಿಗೆ ಹೇಳಲೇಬೇಕಾದ ಮಾತು

ಆರೋಗ್ಯ ತಪಾಸಣೆಗೆ ಬರುವ ತಾಯಂದಿರನ್ನು ನಾವು ಮೊದಲು ಕೇಳುವುದು ಒಂದೇ ಪ್ರಶ್ನೆ: "ಈಗ ಯಾವ ಯಾವ ಔಷಧಗಳನ್ನು ಸೇವಿಸುತ್ತಿದ್ದೀರಿ?" ರಕ್ತದೊತ್ತಡದ ಮಾತ್ರೆ, ಥೈರಾಯ್ಡ್ ಮಾತ್ರೆ, ಆಮ್ಲಪಿತ್ತದ ಪುಡಿ, ಮಂಡಿನೋವಿಗೆ ಹಚ್ಚುವ ಎಣ್ಣೆ ಹೀಗೆ ಪಟ್ಟಿ ಬೆಳೆಯುತ್ತದೆ. ಆದರೆ ಪ್ರತಿ ರಾತ್ರಿ ತಪ್ಪದೆ ನುಂಗುವ ಗರ್ಭನಿರೋಧಕ ಗುಳಿಗೆಯ ಹೆಸರು ಆ ಪಟ್ಟಿಯಲ್ಲಿ ಬರುವುದು ಅಪರೂಪ. ಕೆಲವರಿಗೆ ಅದು ಔಷಧವೆಂದು ಅನಿಸುವುದೇ ಇಲ್ಲ. ರೋಗಕ್ಕೆ ಕೊಡುವುದು ಮಾತ್ರ ಔಷಧವೆಂಬ ಭಾವನೆ ಅವರದು. ಇನ್ನು ಕೆಲವರಿಗೆ ಸಂಕೋಚ. ಪಕ್ಕದಲ್ಲಿ ಅತ್ತೆಯೋ ಮೈದುನನೋ ನಿಂತಿರುವಾಗ ಆ ಮಾತು ಬಾಯಿಗೆ ಬಾರದು.

ಈ ಮೌನವು ಸಹಜವಾದುದು, ಆದರೆ ನಿರಪಾಯವಾದುದಲ್ಲ. ಗರ್ಭನಿರೋಧಕ ಗುಳಿಗೆಯ ಬಲವನ್ನು ಕುಂದಿಸುವ ಕೆಲವು ಔಷಧಗಳಿವೆ. ಹಾಗೆಯೇ ಆ ಗುಳಿಗೆಯಿಂದ ತಮ್ಮ ಬಲವನ್ನು ಕಳೆದುಕೊಳ್ಳುವ ಅಥವಾ ಅತಿಯಾಗಿ ವರ್ತಿಸುವ ಬೇರೆ ಔಷಧಗಳೂ ಇವೆ. ಒಂದನ್ನು ಬರೆದುಕೊಡುವವರಿಗೆ ಮತ್ತೊಂದರ ಸುಳಿವೇ ಇಲ್ಲದಿದ್ದರೆ ಎಚ್ಚರಿಕೆ ಹೇಳುವವರು ಯಾರು? ಆದುದರಿಂದ ಈ ತಿಂಗಳ ಆರೋಗ್ಯ ವಿಭಾಗದಲ್ಲಿ ಈ ವಿಷಯವನ್ನು ಸಂಕೋಚವಿಲ್ಲದೆ ವಿವರಿಸಲು ನಾವು ಬಯಸುತ್ತೇವೆ. ತಾಯಂದಿರೊಂದಿಗೆ ಮನೆಯ ಗಂಡಸರೂ ಇದನ್ನು ಓದಬೇಕೆಂಬುದು ನಮ್ಮ ಕೋರಿಕೆ.

ಗುಳಿಗೆ ಕೆಲಸ ಮಾಡುವ ಬಗೆ

ಬಾಯಿಯ ಮೂಲಕ ಸೇವಿಸುವ ಗರ್ಭನಿರೋಧಕ ಗುಳಿಗೆಗೆ ಅಮೆರಿಕದಲ್ಲಿ ೧೯೬೦ರಲ್ಲಿ ಮೊದಲ ಬಾರಿಗೆ ಅನುಮತಿ ದೊರೆಯಿತು. ಅಂದಿನ ಗುಳಿಗೆಗಳಲ್ಲಿ ಹಾರ್ಮೋನಿನ ಪ್ರಮಾಣ ಬಹಳ ಹೆಚ್ಚಾಗಿತ್ತು. ಅಡ್ಡಪರಿಣಾಮಗಳನ್ನು ತಗ್ಗಿಸಲು ಅದನ್ನು ಮುಂದೆ ಹಂತಹಂತವಾಗಿ ಇಳಿಸಲಾಯಿತು. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ದೊರೆಯುವ ಮಾಲಾ-ಎನ್ ಪಟ್ಟಿಯಲ್ಲಿ ಒಟ್ಟು ೨೮ ಗುಳಿಗೆಗಳಿರುತ್ತವೆ. ಅವುಗಳಲ್ಲಿ ೨೧ ಹಾರ್ಮೋನಿನವು, ಉಳಿದ ೭ ಬೇರೆ ಬಣ್ಣದ ಕಬ್ಬಿಣಾಂಶದ ಗುಳಿಗೆಗಳು. ಹಾರ್ಮೋನಿನ ಪ್ರತಿಯೊಂದು ಗುಳಿಗೆಯಲ್ಲಿ ಲೆವೊನಾರ್ಜೆಸ್ಟ್ರೆಲ್ ೦.೧೫ ಮಿಲಿಗ್ರಾಂ ಮತ್ತು ಎಥಿನೈಲ್ ಈಸ್ಟ್ರಡಯಾಲ್ ೦.೦೩ ಮಿಲಿಗ್ರಾಂ ಇರುತ್ತವೆ. ಇಷ್ಟು ಅಲ್ಪ ಪ್ರಮಾಣವು ರಕ್ತದಲ್ಲಿ ಒಂದೇ ಸಮನಾಗಿ ಉಳಿದಿದ್ದರೆ ಅಂಡಾಶಯದಿಂದ ಅಂಡವು ಬಿಡುಗಡೆಯಾಗುವುದಿಲ್ಲ.

ಪ್ರಮಾಣ ಅಲ್ಪವಾದುದರಿಂದಲೇ ಏರುಪೇರಿಗೆ ಅವಕಾಶವೂ ಕಡಿಮೆ. ನುಂಗಿದ ಗುಳಿಗೆಯು ಕರುಳಿನಲ್ಲಿ ಹೀರಲ್ಪಟ್ಟು ಯಕೃತ್ತಿಗೆ ತಲುಪುತ್ತದೆ. ಯಕೃತ್ತಿನಲ್ಲಿರುವ ಕಿಣ್ವಗಳು ಔಷಧಗಳನ್ನು ಒಡೆದು ದೇಹದಿಂದ ಹೊರಹಾಕುವ ಕಾಯಕದಲ್ಲಿ ನಿರಂತರವಾಗಿ ತೊಡಗಿರುತ್ತವೆ. ಕೆಲವು ಔಷಧಗಳು ಈ ಕಿಣ್ವಗಳ ಸಂಖ್ಯೆಯನ್ನೇ ಹೆಚ್ಚಿಸುತ್ತವೆ. ಹತ್ತು ಆಳು ಮಾಡುತ್ತಿದ್ದ ಕೆಲಸಕ್ಕೆ ಮೂವತ್ತು ಆಳು ಬಂದಂತೆ, ಇಡೀ ದಿನ ರಕ್ತದಲ್ಲಿ ಉಳಿಯಬೇಕಾಗಿದ್ದ ಹಾರ್ಮೋನು ಬೇಗನೆ ಒಡೆದುಹೋಗುತ್ತದೆ. ಗುಳಿಗೆಯನ್ನು ಒಂದು ದಿನವೂ ಮರೆತಿಲ್ಲ, ಹೊತ್ತು ತಪ್ಪಿಸಿಲ್ಲ. ಆದರೂ ಗರ್ಭ ನಿಲ್ಲುತ್ತದೆ. ಆಗ ಮನೆಯವರ ದೂಷಣೆ ತಾಯಿಯ ಮೇಲೆ ಬೀಳುತ್ತದೆ. ಅವಳ ತಪ್ಪು ಅದರಲ್ಲಿ ಏನೂ ಇರುವುದಿಲ್ಲ.

ಕ್ಷಯರೋಗದ ಚಿಕಿತ್ಸೆ

ನಮ್ಮ ನಾಡಿನ ಮಟ್ಟಿಗೆ ಅತ್ಯಂತ ಮುಖ್ಯವಾದ ಉದಾಹರಣೆ ಕ್ಷಯರೋಗಕ್ಕೆ ಕೊಡುವ ರಿಫಾಂಪಿಸಿನ್. ೧೯೭೧ರಲ್ಲಿ ಜರ್ಮನಿಯ ವೈದ್ಯರು ಒಂದು ಸಂಗತಿಯನ್ನು ವರದಿ ಮಾಡಿದರು. ರಿಫಾಂಪಿಸಿನ್ ಸೇವಿಸುತ್ತಿದ್ದ ಕ್ಷಯರೋಗಿಗಳಲ್ಲಿ ಗರ್ಭನಿರೋಧಕ ಗುಳಿಗೆಯನ್ನೂ ನುಂಗುತ್ತಿದ್ದ ಮಹಿಳೆಯರಿಗೆ ಮುಟ್ಟಿನ ನಡುವೆ ಅಕಾಲಿಕ ರಕ್ತಸ್ರಾವವಾಗುತ್ತಿತ್ತು. ಕೆಲವರು ಗರ್ಭಿಣಿಯರೂ ಆದರು. ರಿಫಾಂಪಿಸಿನ್ ಯಕೃತ್ತಿನ ಕಿಣ್ವಗಳನ್ನು ಬಲವಾಗಿ ಪ್ರಚೋದಿಸುತ್ತದೆ ಎಂಬುದು ನಂತರದ ಸಂಶೋಧನೆಗಳಿಂದ ಖಚಿತವಾಯಿತು. ಈ ಗುಣದಲ್ಲಿ ಅದನ್ನು ಮೀರಿಸುವ ಔಷಧಗಳು ಬಹಳ ಇಲ್ಲ.

ನಮ್ಮ ದೇಶದಲ್ಲಿ ಸಾಮಾನ್ಯ ಕ್ಷಯರೋಗಕ್ಕೆ ಆರು ತಿಂಗಳ ಚಿಕಿತ್ಸೆ ನೀಡಲಾಗುತ್ತದೆ. ಮೊದಲ ಎರಡು ತಿಂಗಳು ಐಸೊನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್, ಎಥಾಂಬುಟಾಲ್ ಎಂಬ ನಾಲ್ಕು ಔಷಧಗಳು. ಉಳಿದ ನಾಲ್ಕು ತಿಂಗಳು ಪೈರಾಜಿನಮೈಡ್ ಬಿಟ್ಟು ಮೂರು ಔಷಧಗಳು. ಅಂದರೆ ರಿಫಾಂಪಿಸಿನ್ ಆರು ತಿಂಗಳೂ ಇರುತ್ತದೆ. ಮೂತ್ರವು ಕಿತ್ತಳೆ ಬಣ್ಣಕ್ಕೆ ತಿರುಗುವುದು ಈ ಔಷಧದಿಂದಲೇ. ಅದು ಅಪಾಯದ ಲಕ್ಷಣವಲ್ಲ. ಚಿಕಿತ್ಸೆ ಮುಗಿದ ಕೂಡಲೇ ಯಕೃತ್ತು ಹಿಂದಿನ ಸ್ಥಿತಿಗೆ ಮರಳುವುದಿಲ್ಲ. ಹೆಚ್ಚಾದ ಕಿಣ್ವಗಳು ಕುಗ್ಗಲು ಸುಮಾರು ನಾಲ್ಕು ವಾರ ಬೇಕು. ಆದ್ದರಿಂದ ಚಿಕಿತ್ಸೆಯ ಆರು ತಿಂಗಳು ಮತ್ತು ಆ ಬಳಿಕದ ನಾಲ್ಕು ವಾರ ಗುಳಿಗೆಯೊಂದನ್ನೇ ನಂಬಿಕೊಂಡಿರುವುದು ಸರಿಯಲ್ಲ. ಈ ಅವಧಿಯಲ್ಲಿ ಸಾಮಾನ್ಯವಾಗಿ ಗುಳಿಗೆಯನ್ನು ಬಳಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಸಲಹೆ ನೀಡುತ್ತದೆ.

ಇನ್ನೊಂದು ಸಂಗತಿಯನ್ನು ನಮ್ಮ ಓದುಗರು ಗಮನಿಸಬೇಕು. ಮನೆಯಲ್ಲಿ ಒಬ್ಬರಿಗೆ ಕ್ಷಯ ಬಂದರೆ ಜೊತೆಯಲ್ಲಿರುವ ಆರೋಗ್ಯವಂತರಿಗೂ ಮುನ್ನೆಚ್ಚರಿಕೆಯ ಔಷಧ ನೀಡುವ ವ್ಯವಸ್ಥೆಯಿದೆ. ಅದರ ಒಂದು ಕ್ರಮದಲ್ಲಿ ಐಸೊನಿಯಾಜಿಡ್ ಮತ್ತು ರಿಫಾಪೆಂಟಿನ್ ಔಷಧಗಳನ್ನು ವಾರಕ್ಕೊಮ್ಮೆಯಂತೆ ಹನ್ನೆರಡು ವಾರ ಕೊಡುತ್ತಾರೆ. ರಿಫಾಪೆಂಟಿನ್ ಕೂಡ ರಿಫಾಂಪಿಸಿನ್ನಿನ ಬಳಗಕ್ಕೆ ಸೇರಿದ್ದು, ಗುಳಿಗೆಯನ್ನು ಅದೇ ರೀತಿ ದುರ್ಬಲಗೊಳಿಸುತ್ತದೆ. "ನನಗೆ ರೋಗವಿಲ್ಲ, ವಾರಕ್ಕೊಂದು ಸಲ ತಾನೆ" ಎಂದು ಸೊಸೆಯಂದಿರು ಇದನ್ನು ಹಗುರವಾಗಿ ಭಾವಿಸಬಾರದು.

ಇದನ್ನು ಓದಿ ಯಾರೂ ಕ್ಷಯರೋಗದ ಔಷಧವನ್ನು ನಿಲ್ಲಿಸಬಾರದು. ಈ ಮಾತನ್ನು ನಾವು ಒತ್ತಿ ಹೇಳುತ್ತೇವೆ. ಆ ಔಷಧ ನಿಂತರೆ ಪ್ರಾಣಕ್ಕೇ ಅಪಾಯ. ಬದಲಿಸಬೇಕಾದುದು ಗರ್ಭನಿರೋಧಕದ ವಿಧಾನವನ್ನು ಮಾತ್ರ. ನಮ್ಮಲ್ಲಿ ವಂಕಿ ಎಂದು ಕರೆಯುವ ಕಾಪರ್-ಟಿ ಸಾಧನವು ಗರ್ಭಕೋಶದೊಳಗೇ ಕೆಲಸ ಮಾಡುತ್ತದೆ. ಯಕೃತ್ತಿನ ಗೊಡವೆ ಅದಕ್ಕಿಲ್ಲ, ಯಾವ ಔಷಧವೂ ಅದರ ಬಲವನ್ನು ಕುಂದಿಸದು. ಮೂರು ತಿಂಗಳಿಗೊಮ್ಮೆ ಸರ್ಕಾರಿ ಆಸ್ಪತ್ರೆಗಳಲ್ಲಿ ನೀಡುವ ಅಂತರಾ ಚುಚ್ಚುಮದ್ದು ಕೂಡ ರಿಫಾಂಪಿಸಿನ್ನಿನೊಂದಿಗೆ ಬಳಸಲು ಯೋಗ್ಯವೆಂದು ಪರಿಗಣಿತವಾಗಿದೆ. ಪತಿಯು ನಿರೋಧ್ ಬಳಸುವುದು ಎಲ್ಲಕ್ಕಿಂತ ಸರಳವಾದ ದಾರಿ. ಆರು ತಿಂಗಳು ರೋಗದೊಂದಿಗೆ ಹೋರಾಡುವ ಹೆಂಡತಿಗೆ ಆತನು ಸಲ್ಲಿಸಬಹುದಾದ ಸೇವೆಯೂ ಅದೇ. ಒಂದು ವೇಳೆ ಗರ್ಭ ನಿಂತಿದ್ದರೂ ಗಾಬರಿಯಿಂದ ಕ್ಷಯದ ಮಾತ್ರೆ ಬಿಡಬಾರದು. ಈ ನಾಲ್ಕು ಔಷಧಗಳ ಚಿಕಿತ್ಸೆಯನ್ನು ಗರ್ಭಿಣಿಯರಿಗೂ ಕೊಡುತ್ತಾರೆ. ಕೂಡಲೇ ವೈದ್ಯರನ್ನು ಕಂಡು ಮುಂದುವರಿಯಬೇಕು.

ಮೂರ್ಛೆರೋಗದ ಮಾತ್ರೆಗಳು

ಜನರು ಫಿಟ್ಸ್ ಎಂದು ಕರೆಯುವ ಅಪಸ್ಮಾರಕ್ಕೆ ಕೊಡುವ ಫೆನಿಟೋಯಿನ್, ಕಾರ್ಬಮಜೆಪಿನ್, ಫಿನೋಬಾರ್ಬಿಟೋನ್, ಪ್ರಿಮಿಡೋನ್, ಆಕ್ಸ್‌ಕಾರ್ಬಜೆಪಿನ್ ಮಾತ್ರೆಗಳೂ ಕಿಣ್ವಗಳನ್ನು ಹೆಚ್ಚಿಸಿ ಗುಳಿಗೆಯ ಬಲವನ್ನು ಕುಂದಿಸುತ್ತವೆ. ಟೊಪಿರಮೇಟ್ ಔಷಧವು ದಿನಕ್ಕೆ ೨೦೦ ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ ಇದೇ ಗುಣವನ್ನು ತೋರುತ್ತದೆ. ಕ್ಷಯದ ಚಿಕಿತ್ಸೆಗೆ ಒಂದು ಕೊನೆಯುಂಟು. ಈ ಮಾತ್ರೆಗಳನ್ನಾದರೋ ವರ್ಷಗಟ್ಟಲೆ ನುಂಗಬೇಕಾಗುತ್ತದೆ. ಇವುಗಳಲ್ಲಿ ಕೆಲವು ಗರ್ಭದಲ್ಲಿರುವ ಶಿಶುವಿನ ಬೆಳವಣಿಗೆಗೆ ಹಾನಿ ಮಾಡಬಲ್ಲವು. ಹೀಗಾಗಿ ಗರ್ಭ ನಿಲ್ಲಬಾರದ ಹೊತ್ತಿನಲ್ಲಿ ನಿಲ್ಲುವ ಸಾಧ್ಯತೆಯನ್ನು ಅದೇ ಮಾತ್ರೆಯು ಹೆಚ್ಚಿಸಿದಂತಾಗುತ್ತದೆ.

ವಾಲ್‌ಪ್ರೊಯೇಟ್ ಮತ್ತು ಲೆವೆಟಿರಾಸೆಟಮ್ ಮಾತ್ರೆಗಳು ಗುಳಿಗೆಯನ್ನು ದುರ್ಬಲಗೊಳಿಸುವುದಿಲ್ಲ. ಆದರೆ ವಾಲ್‌ಪ್ರೊಯೇಟ್ ಶಿಶುವಿಗೆ ಮಾಡಬಹುದಾದ ಹಾನಿ ಗಂಭೀರವಾದುದು. ಆದ್ದರಿಂದ ಅದನ್ನು ಸೇವಿಸುವ ತಾಯಂದಿರು ಗರ್ಭನಿರೋಧದ ವಿಷಯದಲ್ಲಿ ಮತ್ತಷ್ಟು ಎಚ್ಚರದಿಂದಿರಬೇಕು, ಮಗು ಬೇಕೆನಿಸಿದಾಗ ಮುಂಚಿತವಾಗಿಯೇ ವೈದ್ಯರೊಡನೆ ಸಮಾಲೋಚಿಸಬೇಕು.

ಲ್ಯಾಮೋಟ್ರಿಜಿನ್ ಎಂಬ ಮಾತ್ರೆಯ ವಿಷಯ ಇದಕ್ಕೆ ತದ್ವಿರುದ್ಧವಾದುದು. ಇಲ್ಲಿ ಪೆಟ್ಟು ಬೀಳುವುದು ಮೂರ್ಛೆಯ ಔಷಧಕ್ಕೆ. ಗುಳಿಗೆಯಲ್ಲಿರುವ ಈಸ್ಟ್ರೋಜೆನ್ ಅಂಶವು ರಕ್ತದಲ್ಲಿ ಲ್ಯಾಮೋಟ್ರಿಜಿನ್ ಪ್ರಮಾಣವನ್ನು ಸುಮಾರು ಅರ್ಧಕ್ಕೆ ಇಳಿಸಬಲ್ಲದು. ಬಹುಕಾಲ ಹಿಡಿತದಲ್ಲಿದ್ದ ಮೂರ್ಛೆ ಮರುಕಳಿಸಬಹುದು. ಹಾರ್ಮೋನಿಲ್ಲದ ಏಳು ದಿನಗಳಲ್ಲಿ ಅದರ ಪ್ರಮಾಣ ಮತ್ತೆ ಏರಿ ತಲೆಸುತ್ತು, ಕಣ್ಣು ಮಂಜಾಗುವುದು ಮೊದಲಾದ ತೊಂದರೆಗಳು ಕಾಣಿಸಿಕೊಳ್ಳಬಹುದು. ಒಲೆಯ ಮುಂದೆ, ಬಾವಿಯ ಕಟ್ಟೆಯ ಬಳಿ ದಿನ ಕಳೆಯುವ ಗೃಹಿಣಿಗೆ ಮರುಕಳಿಸಿದ ಒಂದು ಮೂರ್ಛೆ ಏನು ಮಾಡಬಹುದೆಂಬುದನ್ನು ನಾವು ವಿವರಿಸಬೇಕಾಗಿಲ್ಲ. ಇಂಥವರು ಗುಳಿಗೆಯನ್ನು ಆರಂಭಿಸುವ ಮುನ್ನವೂ, ನಿಲ್ಲಿಸುವ ಮುನ್ನವೂ ನರರೋಗ ತಜ್ಞರಿಗೆ ತಿಳಿಸಬೇಕು.

ಸಾಮಾನ್ಯ ಆಂಟಿಬಯಾಟಿಕ್‌ಗಳ ಬಗೆಗಿನ ಭಯ

ಯಾವ ಆಂಟಿಬಯಾಟಿಕ್ ನುಂಗಿದರೂ ಗರ್ಭನಿರೋಧಕ ಕೆಲಸ ಮಾಡುವುದಿಲ್ಲವೆಂಬ ನಂಬಿಕೆ ಬಹಳ ಕಾಲದಿಂದ ಹರಡಿದೆ. ಹಿಂದೆ ವೈದ್ಯರೂ ಹಾಗೆಯೇ ಎಚ್ಚರಿಸುತ್ತಿದ್ದರು. ಅಮಾಕ್ಸಿಸಿಲಿನ್, ಅಜಿತ್ರೋಮೈಸಿನ್, ಡಾಕ್ಸಿಸೈಕ್ಲಿನ್, ಮೆಟ್ರೋನಿಡಜೋಲ್ ಮುಂತಾದ ದಿನಬಳಕೆಯ ಔಷಧಗಳು ಗುಳಿಗೆಯ ಬಲವನ್ನು ಕುಂದಿಸುತ್ತವೆ ಎಂಬುದಕ್ಕೆ ಆಧಾರ ದೊರೆತಿಲ್ಲ. ಬ್ರಿಟನ್ನಿನ ತಜ್ಞರು ೨೦೧೧ರಲ್ಲಿ ತಮ್ಮ ಹಳೆಯ ಸಲಹೆಯನ್ನು ಹಿಂತೆಗೆದುಕೊಂಡು, ಇಂಥ ಔಷಧಗಳೊಂದಿಗೆ ಹೆಚ್ಚುವರಿ ರಕ್ಷಣೆ ಅನಗತ್ಯವೆಂದು ತಿಳಿಸಿದರು. ಆದುದರಿಂದ ಗಂಟಲುನೋವಿಗೋ ಹಲ್ಲುನೋವಿಗೋ ಔಷಧ ಪಡೆದಾಗ ಗುಳಿಗೆಯನ್ನು ನಡುವೆ ನಿಲ್ಲಿಸುವ ಕಾರಣವಿಲ್ಲ. ಹಾಗೆ ನಿಲ್ಲಿಸುವುದೇ ಗರ್ಭ ನಿಲ್ಲಲು ದಾರಿ ಮಾಡಿಕೊಡುತ್ತದೆ.

ಆದರೆ ವಾಂತಿಭೇದಿಯ ವಿಷಯ ಬೇರೆ. ಗುಳಿಗೆ ನುಂಗಿದ ಎರಡು ಮೂರು ಗಂಟೆಯೊಳಗೆ ವಾಂತಿಯಾದರೆ ಅದು ದೇಹಕ್ಕೆ ಸೇರಿಲ್ಲವೆಂದೇ ತಿಳಿದು ಮತ್ತೊಂದನ್ನು ನುಂಗಬೇಕು. ತೀವ್ರವಾದ ವಾಂತಿಭೇದಿ ಎರಡು ದಿನಕ್ಕೂ ಮೀರಿ ಮುಂದುವರಿದರೆ ಆ ದಿನಗಳ ಗುಳಿಗೆಗಳನ್ನು ಮರೆತಂತೆಯೇ ಎಣಿಸಿ, ಚೇತರಿಸಿಕೊಂಡ ಮೇಲೂ ಏಳು ದಿನ ನಿರೋಧ್ ಬಳಸಬೇಕು.

ಚರ್ಮದ ಹುಳುಕಡ್ಡಿಗೆ ಕೊಡುವ ಗ್ರಿಸಿಯೋಫಲ್ವಿನ್ ಮಾತ್ರೆಯ ಬಗ್ಗೆ ಮಾತ್ರ ಎಚ್ಚರಿಕೆಯಿದೆ; ಅದನ್ನು ವಾರಗಟ್ಟಲೆ ನುಂಗಬೇಕಾಗುವುದರಿಂದ ವೈದ್ಯರನ್ನು ಕೇಳಿಕೊಳ್ಳಬೇಕು. ಎಚ್‌ಐವಿ ಚಿಕಿತ್ಸೆಯ ಔಷಧಗಳಲ್ಲಿ ಎಫಾವಿರೆಂಜ್ ಗುಳಿಗೆಯ ಬಲವನ್ನು ಕುಂದಿಸುತ್ತದೆ, ಡೊಲುಟೆಗ್ರಾವಿರ್ ಕುಂದಿಸುವುದಿಲ್ಲ.

ಗುಳಿಗೆಯು ಇತರ ಔಷಧಗಳ ಮೇಲೆ ಮಾಡುವ ಪರಿಣಾಮ

ಥೈರಾಯ್ಡ್ ಕೊರತೆಗೆ ಥೈರಾಕ್ಸಿನ್ ಸೇವಿಸುವ ತಾಯಂದಿರು ನಮ್ಮಲ್ಲಿ ಅನೇಕರು. ಈಸ್ಟ್ರೋಜೆನ್ ಸೇರಿದಾಗ ರಕ್ತದಲ್ಲಿ ಥೈರಾಕ್ಸಿನ್ನನ್ನು ಹಿಡಿದಿಟ್ಟುಕೊಳ್ಳುವ ಪ್ರೋಟೀನು ಹೆಚ್ಚುತ್ತದೆ. ಹೀಗಾಗಿ ಹಿಂದಿನ ಪ್ರಮಾಣ ಕೆಲವರಿಗೆ ಸಾಲದೆ ಹೋಗಬಹುದು. ಗುಳಿಗೆ ಆರಂಭಿಸಿದ ಕೆಲವು ವಾರಗಳ ನಂತರ ಟಿಎಸ್‌ಎಚ್ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಮಾಲಾ-ಎನ್ ಪಟ್ಟಿಯ ಕೊನೆಯ ಏಳು ಕಬ್ಬಿಣಾಂಶದ ಗುಳಿಗೆಗಳ ಬಗ್ಗೆಯೂ ಒಂದು ಮಾತು. ಕಬ್ಬಿಣಾಂಶವು ಕರುಳಿನಲ್ಲಿ ಥೈರಾಕ್ಸಿನ್ ಹೀರಲ್ಪಡದಂತೆ ತಡೆಯುತ್ತದೆ. ಇವೆರಡರ ನಡುವೆ ನಾಲ್ಕು ಗಂಟೆಯ ಅಂತರವಿರಲಿ. ಥೈರಾಕ್ಸಿನ್ ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ, ಗುಳಿಗೆ ರಾತ್ರಿ ಮಲಗುವ ಮುನ್ನ ಎಂದು ರೂಢಿಸಿಕೊಂಡರೆ ಯಾವ ತೊಡಕೂ ಇಲ್ಲ.

ಇದಕ್ಕಿಂತ ಗಂಭೀರವಾದುದು ಟ್ರಾನೆಕ್ಸಾಮಿಕ್ ಆಮ್ಲದ ಮಾತ್ರೆ. ಮುಟ್ಟಿನಲ್ಲಿ ಅತಿಯಾಗಿ ರಕ್ತ ಹೋಗುವಾಗ ಇದನ್ನು ಕೊಡುತ್ತಾರೆ. ರಕ್ತ ಹೆಪ್ಪುಗಟ್ಟಿದುದು ಕರಗದಂತೆ ತಡೆಯುವುದು ಇದರ ಗುಣ. ಈಸ್ಟ್ರೋಜೆನ್ನಿಗೂ ರಕ್ತನಾಳಗಳಲ್ಲಿ ಹೆಪ್ಪು ಉಂಟುಮಾಡುವ ಸಂಭವ ಸ್ವಲ್ಪಮಟ್ಟಿಗೆ ಇದ್ದೇ ಇದೆ. ಎರಡೂ ಕೂಡಿದರೆ ಅಪಾಯ ಹೆಚ್ಚುತ್ತದೆ. ಹಿಂದೆಂದೋ ಬರೆಸಿಕೊಂಡ ಚೀಟಿಯನ್ನು ತೋರಿಸಿ ಅಂಗಡಿಯಿಂದ ಈ ಮಾತ್ರೆ ತಂದು ಗುಳಿಗೆಯೊಂದಿಗೆ ನುಂಗಬಾರದು. ಒಂದೇ ಕಾಲಿನ ಬಾವು ಮತ್ತು ನೋವು, ಎದೆನೋವು, ಏಕಾಏಕಿ ಏದುಸಿರು, ಹಿಂದೆಂದೂ ಕಾಣದಂಥ ತಲೆನೋವು, ಮಾತು ತೊದಲುವುದು ಇವು ಕಂಡರೆ ಗುಳಿಗೆ ನಿಲ್ಲಿಸಿ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಡ್ರೊಸ್ಪಿರಿನೋನ್ ಎಂಬ ಹಾರ್ಮೋನಿರುವ ಗುಳಿಗೆಗಳನ್ನು ಪಿಸಿಓಡಿ ತೊಂದರೆಗೂ ಕೊಡುವುದುಂಟು. ಅದೇ ತೊಂದರೆಗೆ ಸ್ಪೈರೊನೊಲ್ಯಾಕ್ಟೋನ್ ಮಾತ್ರೆಯನ್ನೂ ಬರೆಯುತ್ತಾರೆ. ಎರಡೂ ದೇಹದಲ್ಲಿ ಪೊಟ್ಯಾಸಿಯಮ್ ಉಳಿಸಿಕೊಳ್ಳುವ ಗುಣದವು. ಬೇರೆ ಬೇರೆ ವೈದ್ಯರಿಂದ ಇವು ಬಂದಿದ್ದರೆ ಇಬ್ಬರಿಗೂ ವಿಷಯ ತಿಳಿದಿರಬೇಕು.

ಮುಟ್ಟು ಮುಂದೂಡುವ ಮಾತ್ರೆ

ಜಾತ್ರೆ, ಮದುವೆ, ಗೃಹಪ್ರವೇಶ ಹತ್ತಿರವಾದಾಗ ಮುಟ್ಟನ್ನು ಮುಂದೂಡಲು ಮಾತ್ರೆ ನುಂಗುವ ರೂಢಿ ನಮ್ಮ ಮನೆಗಳಲ್ಲಿಯೂ ಹಬ್ಬಿದೆ. ಹೆಚ್ಚಾಗಿ ಬಳಕೆಯಾಗುವ ನಾರೆಥಿಸ್ಟಿರೋನ್ ಮಾತ್ರೆಯನ್ನು ದಿನಕ್ಕೆ ಮೂರು ಬಾರಿ ಕೊಡುತ್ತಾರೆ. ಈ ಪ್ರಮಾಣದಲ್ಲಿ ಅದರ ಒಂದು ಅಂಶ ದೇಹದೊಳಗೆ ಎಥಿನೈಲ್ ಈಸ್ಟ್ರಡಯಾಲ್ ಆಗಿ ಮಾರ್ಪಡುತ್ತದೆ. ಗರ್ಭನಿರೋಧಕ ಗುಳಿಗೆಯಲ್ಲಿರುವುದೂ ಇದೇ ಹಾರ್ಮೋನು. ಗುಳಿಗೆ ನುಂಗುತ್ತಿರುವವರು ಅದರ ಮೇಲೆ ಇದನ್ನೂ ನುಂಗಿದರೆ ಈಸ್ಟ್ರೋಜೆನ್ನಿನ ಭಾರ ಹೆಚ್ಚುತ್ತದೆ. ಈ ಮಾತ್ರೆಯು ಗರ್ಭನಿರೋಧಕವಾಗಿಯೂ ನಂಬತಕ್ಕದ್ದಲ್ಲ.

ಇಲ್ಲಿ ನಮ್ಮ ಸದ್ಭಕ್ತರಿಗೆ ಒಂದು ಮಾತು ನೆನಪಿಸಬೇಕಾಗಿದೆ. ೧೨ನೆಯ ಶತಮಾನದ ಶರಣರು ಪಂಚಸೂತಕಗಳನ್ನು ನಿರಾಕರಿಸಿದರು. ಮುಟ್ಟಿನ ಸೂತಕವೂ ಅವುಗಳಲ್ಲಿ ಒಂದು. ಇಷ್ಟಲಿಂಗ ಧರಿಸಿದ ತಾಯಿಗೆ ಪೂಜೆಗಾಗಲಿ ದಾಸೋಹಕ್ಕಾಗಲಿ ಮುಟ್ಟು ಅಡ್ಡಿಯಲ್ಲವೆಂದ ಮೇಲೆ, ಮಠದ ಜಾತ್ರೆಗೆಂದು ಯಾರೂ ಹಾರ್ಮೋನು ನುಂಗಿ ದೇಹವನ್ನು ದಂಡಿಸಿಕೊಳ್ಳಬೇಕಾಗಿಲ್ಲ.

ತುರ್ತು ಗುಳಿಗೆ

ಅಸುರಕ್ಷಿತ ಸಂಪರ್ಕದ ನಂತರ ೭೨ ಗಂಟೆಯೊಳಗೆ ನುಂಗುವ ಲೆವೊನಾರ್ಜೆಸ್ಟ್ರೆಲ್ ೧.೫ ಮಿಲಿಗ್ರಾಂ ಗುಳಿಗೆಗೂ ಮೇಲಿನ ನಿಯಮವೇ ಅನ್ವಯಿಸುತ್ತದೆ. ರಿಫಾಂಪಿಸಿನ್ ಅಥವಾ ಮೂರ್ಛೆಯ ಮಾತ್ರೆಗಳನ್ನು ಈಗ ನುಂಗುತ್ತಿರುವವರಲ್ಲಿ, ಹಾಗೂ ನಿಲ್ಲಿಸಿ ನಾಲ್ಕು ವಾರ ಕಳೆಯದವರಲ್ಲಿ, ಅದರ ಬಲ ಸಾಲದು. ಐದು ದಿನಗಳೊಳಗೆ ಕಾಪರ್-ಟಿ ಅಳವಡಿಸಿಕೊಳ್ಳುವುದು ಇಂಥವರಿಗೆ ಹೆಚ್ಚು ಭರವಸೆಯ ದಾರಿ. ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆಂದು ಅದನ್ನೇ ನೆಚ್ಚಿಕೊಳ್ಳದೆ ವೈದ್ಯರನ್ನು ಕಾಣಬೇಕು.

ನಾರುಬೇರುಗಳೂ ಔಷಧವೇ

ಗಿಡಮೂಲಿಕೆಯೆಂದ ಮಾತ್ರಕ್ಕೆ ಅದು ನಿರುಪದ್ರವಿಯೆಂದು ತಿಳಿಯಬಾರದು. ವಿದೇಶಗಳಲ್ಲಿ ಮನಸ್ಸಿನ ಖಿನ್ನತೆಗೆ ಬಳಸುವ ಸೇಂಟ್ ಜಾನ್ಸ್ ವರ್ಟ್ ಎಂಬ ಸಸ್ಯದ ಮಾತ್ರೆಯು ಯಕೃತ್ತಿನ ಕಿಣ್ವಗಳನ್ನು ಹೆಚ್ಚಿಸಿ ಗುಳಿಗೆಯನ್ನು ದುರ್ಬಲಗೊಳಿಸುತ್ತದೆ. ಹೊರದೇಶದಲ್ಲಿರುವ ಮಕ್ಕಳು ಪ್ರೀತಿಯಿಂದ ಕಳುಹಿಸುವ ಡಬ್ಬಿಗಳಲ್ಲಿ ಇದೂ ಇರಬಹುದು. ಹೆಸರನ್ನು ಓದಿ ನೋಡಬೇಕು. ಕಷಾಯ, ಭಸ್ಮ, ಲೇಹ್ಯ ಏನನ್ನೇ ಸೇವಿಸುತ್ತಿದ್ದರೂ ವೈದ್ಯರಿಗೆ ಹೇಳಬೇಕು. ಹಾರ್ಮೋನಿಲ್ಲದ ಛಾಯಾ ಗುಳಿಗೆಯನ್ನು ವಾರದ ಲೆಕ್ಕದಲ್ಲಿ ನುಂಗುವವರೂ ಅದನ್ನು ತಮ್ಮ ಔಷಧಗಳ ಪಟ್ಟಿಯಲ್ಲಿ ಸೇರಿಸಿಯೇ ಹೇಳಬೇಕು.

ನಾವು ಮಾಡಬೇಕಾದುದು

ಮೇಲೆ ಹೇಳಿದ ಔಷಧಗಳ ಹೆಸರುಗಳನ್ನೆಲ್ಲ ನೆನಪಿಟ್ಟುಕೊಳ್ಳುವುದು ಯಾರಿಗೂ ಸಾಧ್ಯವಿಲ್ಲ, ಅದರ ಅಗತ್ಯವೂ ಇಲ್ಲ. ಮಾಡಬೇಕಾದುದು ಇಷ್ಟೆ. ವೈದ್ಯರಲ್ಲಿಗೆ ಹೋಗುವಾಗ ಗುಳಿಗೆಯ ಪಟ್ಟಿಯನ್ನು ಇತರ ಮಾತ್ರೆಗಳೊಂದಿಗೆ ಚೀಲದಲ್ಲಿ ಇಟ್ಟುಕೊಂಡು ಹೋಗಬೇಕು. ಬಾಯಿಬಿಟ್ಟು ಹೇಳಲು ಸಂಕೋಚವಾದರೆ ಅದನ್ನು ಮೇಜಿನ ಮೇಲಿಟ್ಟರೆ ಸಾಕು, ವೈದ್ಯರಿಗೆ ಅರ್ಥವಾಗುತ್ತದೆ. ಹೊಸ ಔಷಧ ಬರೆದುಕೊಟ್ಟಾಗ "ಇದು ನಾನು ನುಂಗುವ ಗುಳಿಗೆಗೆ ಹೊಂದುತ್ತದೆಯೇ?" ಎಂಬ ಒಂದೇ ಪ್ರಶ್ನೆಯನ್ನು ಕೇಳಬೇಕು. ಮನೆಮಂದಿಯ ಮುಂದೆ ಕೇಳಲಾಗದಿದ್ದರೆ ಆಶಾ ಕಾರ್ಯಕರ್ತೆಯೊಡನೆ ಏಕಾಂತದಲ್ಲಿ ಮಾತನಾಡಬಹುದು. ಗುಳಿಗೆ ನುಂಗುತ್ತಿರುವಾಗ ಹೊಸ ಔಷಧ ಆರಂಭವಾದ ಮೇಲೆ ಮುಟ್ಟಿನ ನಡುವೆ ರಕ್ತ ಕಾಣಿಸಿಕೊಂಡರೆ ಅದನ್ನು ಕಡೆಗಣಿಸಬಾರದು. ಹಾರ್ಮೋನಿನ ಪ್ರಮಾಣ ಇಳಿದಿರುವುದರ ಸೂಚನೆ ಅದಾಗಿರಬಹುದು. ಆದರೆ ರಕ್ತ ಕಾಣದಿದ್ದ ಮಾತ್ರಕ್ಕೆ ಎಲ್ಲವೂ ಸರಿಯಾಗಿದೆ ಎಂದೂ ಭಾವಿಸಬಾರದು.

ಗಂಡಸರಿಗೂ ನಮ್ಮದೊಂದು ಮಾತುಂಟು. ಮಕ್ಕಳ ನಡುವೆ ಅಂತರವಿರಬೇಕೆಂಬ ನಿರ್ಧಾರ ಇಬ್ಬರದಾದರೆ ಅದರ ಭಾರವೂ ಇಬ್ಬರದೇ ಆಗಬೇಕು. ಹೆಂಡತಿ ಯಾವ ಗುಳಿಗೆ ನುಂಗುತ್ತಾಳೆಂಬುದು ಗಂಡನಿಗೆ ತಿಳಿದಿದ್ದರೆ, ಅವಳು ಹೇಳಲಾಗದ ಹೊತ್ತಿನಲ್ಲಿ ಅವನಾದರೂ ವೈದ್ಯರಿಗೆ ಹೇಳಬಲ್ಲನು. ಅತ್ತೆಯಂದಿರೂ ಸೊಸೆಯಂದಿರ ಈ ಸಂಕೋಚವನ್ನು ಅರಿತು, ವೈದ್ಯರ ಕೋಣೆಯೊಳಗೆ ಅವರನ್ನು ಒಂದಿಷ್ಟು ಹೊತ್ತು ಒಂಟಿಯಾಗಿ ಬಿಡಬೇಕು.

ದೇಹವನ್ನು ಅರಿತು ಕಾಪಾಡಿಕೊಳ್ಳುವುದರಲ್ಲಿ ನಾಚಿಕೆಪಡುವಂಥದು ಏನೂ ಇಲ್ಲ. ಮುಂದಿನ ಬಾರಿ "ಯಾವ ಔಷಧ ಸೇವಿಸುತ್ತಿದ್ದೀರಿ?" ಎಂದು ಕೇಳಿದಾಗ ಗುಳಿಗೆಯ ಹೆಸರು ಪಟ್ಟಿಯಲ್ಲಿ ಮೊದಲೇ ಬರಲಿ ಎಂಬುದು ನಮ್ಮ ಹಾರೈಕೆ.